ಬಾಂದುಕಲ್ಲು ನೀರಿನಡಿ ಇದೆ: ಶರಾವತಿ ಮುಳುಗಡೆಯ ಮನೆಯೊಂದರಿಂದ ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ಮಳೆಗಾಲ ಹಿಡಿಯಿತೆಂದರೆ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟ ದಿನವೂ ಬರುತ್ತದೆ. ಲಿಂಗನಮಕ್ಕಿ, ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು. ಪೇಪರ್ ಕೈಗೆ ಬಂದ ಕೂಡಲೇ ಅಪ್ಪಯ್ಯ ನೋಡುವುದು ಅದನ್ನೇ. ಊರಲ್ಲಿ ಉಳಿದವರಿಗೆ ಆ ಅಂಕಿಯಿಂದ ಈ ವರ್ಷ ಕರೆಂಟಿಗೆ ತೊಂದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಅಪ್ಪಯ್ಯನ ಲೆಕ್ಕ ಬೇರೆ. ಇವತ್ತು ಕೆಳಗಿನ ಗದ್ದೆಗೆ ನೀರು ಬಂತು, ಇವತ್ತು ಚೌಡಿಬನ ಹೋಯಿತು, ಇವತ್ತು ಮನೆಯ ಅಂಗಳ. ಎಂಟನೇ ವಯಸ್ಸಿನಲ್ಲಿ ಬಿಟ್ಟು ಬಂದ ಊರು ಪ್ರತಿ ಆಗಸ್ಟಿನಲ್ಲಿ ಮುಳುಗುವುದನ್ನು ಅವರು ಎಪ್ಪತ್ತು ದಾಟಿದ ಮೇಲೂ ಪತ್ರಿಕೆಯ ಆ ಮೂಲೆಯಲ್ಲಿ ನೋಡುತ್ತಲೇ ಇದ್ದಾರೆ.

ಆ ಊರು ಸಾಗರ ತಾಲೂಕಿನ ಕರೂರು ಹೋಬಳಿಯಲ್ಲಿತ್ತು. ನಾವು ಈಗ ಇರುವುದು ಶಿವಮೊಗ್ಗ ಜಿಲ್ಲೆಯ ಇನ್ನೊಂದು ಮೂಲೆಯ ಕಾಡಂಚಿನಲ್ಲಿ. ನಾನು ಆ ಮನೆಯ ಮೂರನೇ ತಲೆಮಾರು. ಎರಡು ಎಕರೆ ಅಡಕೆ ತೋಟ ನೋಡಿಕೊಳ್ಳುತ್ತೇನೆ, ಹಗಲು ಹೊತ್ತು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಈ ಪತ್ರ ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಅರವತ್ತು ವರ್ಷದ ಹಿಂದೆ ಸರ್ಕಾರವೇ ಕೊಟ್ಟ ಭೂಮಿ ಇವತ್ತಿಗೂ ಸರ್ಕಾರದ ಪುಸ್ತಕದಲ್ಲಿ ನಮ್ಮದಾಗಿಲ್ಲ. ಅದನ್ನು ಸರಿಮಾಡದೆ ಅದೇ ಕಣಿವೆಯಲ್ಲಿ ಇನ್ನೊಂದು ದೊಡ್ಡ ಯೋಜನೆಗೆ ಸರ್ಕಾರ ಕೈಹಾಕಬಾರದು ಎಂದು ಕೇಳಲು ಬರೆಯುತ್ತಿದ್ದೇನೆ.

ಶರಾವತಿ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಸಣ್ಣ ನದಿ. ಉದ್ದ 130 ಕಿಲೋಮೀಟರೂ ಇಲ್ಲ. ಅಷ್ಟರೊಳಗೆ ಜೋಗದಲ್ಲಿ 830 ಅಡಿ ಧುಮುಕುತ್ತದೆ. ಅದೇ ಇದರ ಭಾಗ್ಯ, ಅದೇ ಇದರ ಕಷ್ಟ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಜೋಗದ ಬುಡದಲ್ಲಿ ಈಗ ಮಹಾತ್ಮ ಗಾಂಧಿ ಹೆಸರಿನಲ್ಲಿರುವ ವಿದ್ಯುದಾಗಾರ ಶುರುವಾಯಿತು. ಅದಕ್ಕೆ ನೀರು ಹಿಡಿಯಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. 1964ರಲ್ಲಿ ಲಿಂಗನಮಕ್ಕಿ ಎದ್ದಾಗ ಆ ಅಣೆಕಟ್ಟೂ ಹೊಸ ನೀರಿನೊಳಗೆ ಮುಳುಗಿತು. ಹದಿನಾರು ವರ್ಷ ಬಾಳಿದ ಅಣೆಕಟ್ಟು ಅದು. ಈಗಲೂ ಬರದ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದರ ಕಲ್ಲುಗೋಡೆ ಮೇಲೆ ಬರುತ್ತದೆ, ಜನ ದೂರದೂರದಿಂದ ಬಂದು ಫೋಟೊ ತೆಗೆದುಕೊಳ್ಳುತ್ತಾರೆ. ಮಡೆನೂರು ಡ್ಯಾಮಿಗಾಗಿ ಒಮ್ಮೆ ಎದ್ದು ಲಿಂಗನಮಕ್ಕಿಗಾಗಿ ಮತ್ತೊಮ್ಮೆ ಎದ್ದೆವು ಎಂದು ಹೇಳುವ ಮನೆಗಳು ನಮ್ಮ ಕಡೆ ಇವೆ. ಅವರ ಮುಂದೆ ನಮ್ಮದು ಸಣ್ಣ ಕತೆ.

ಲಿಂಗನಮಕ್ಕಿಯಲ್ಲಿ 151 ಟಿಎಂಸಿಯಷ್ಟು ನೀರು ನಿಲ್ಲುತ್ತದೆ. ಅದು ಹರಡಿಕೊಂಡಿರುವುದು ಸುಮಾರು 300 ಚದರ ಕಿಲೋಮೀಟರಿನಲ್ಲಿ, ಸಾಗರ ಮತ್ತು ಹೊಸನಗರ ತಾಲೂಕುಗಳ ಗದ್ದೆ, ತೋಟ, ಕಾನು, ಸೊಪ್ಪಿನಬೆಟ್ಟಗಳ ಮೇಲೆ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ 1035 ಮೆಗಾವ್ಯಾಟ್. ಒಂದು ಕಾಲದಲ್ಲಿ ನಾಡಿನ ಬಹುಪಾಲು ದೀಪಗಳು, ಬೆಂಗಳೂರಿನ ದೊಡ್ಡ ಕಾರ್ಖಾನೆಗಳು ನಡೆದದ್ದು ಈ ನೀರಿನ ಮೇಲೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಅಜ್ಜನಿಗೂ ಇರಲಿಲ್ಲ. "ಊರಿಗೆಲ್ಲ ಕರೆಂಟು ಬರ್ತದೆ ಅಂದ್ರು, ಎದ್ದು ಬಂದ್ವಿ" ಎನ್ನುತ್ತಿದ್ದರು. ಎದ್ದು ಬಂದ ಕುಟುಂಬಗಳು ಹತ್ತಿರ ಹತ್ತಿರ ಹನ್ನೆರಡು ಸಾವಿರ ಎಂದು ಸರ್ಕಾರದವರೂ ಹೋರಾಟದವರೂ ಹೇಳುತ್ತ ಬಂದಿದ್ದಾರೆ.

ಬಂದದ್ದು ಲಾರಿಯಲ್ಲಿ. ಒಂದು ಲಾರಿಗೆ ಎರಡು ಮೂರು ಮನೆಯ ಸಾಮಾನು. ಹೆಂಚು ಬಿಚ್ಚಿದರು, ಬಾಗಿಲು ಕಿತ್ತರು, ದನಗಳಲ್ಲಿ ಮುದಿಯಾದವನ್ನು ಅಲ್ಲೇ ಬಿಟ್ಟರು. ಅಜ್ಜಿ ತಾನೇ ಮಡಿಲಲ್ಲಿಟ್ಟುಕೊಂಡು ತಂದದ್ದು ಮರದ ಕೊಳಗವನ್ನು. ಭತ್ತ ಅಳೆಯುವ ಕೊಳಗ. ಲಾರಿ ನಿಂತ ಜಾಗದಲ್ಲಿ ಅಳೆಯಲು ಭತ್ತವೂ ಇರಲಿಲ್ಲ, ಬೆಳೆಯಲು ಗದ್ದೆಯೂ ಇರಲಿಲ್ಲ, ಮೇಲೆ ನೋಡಿದರೆ ಆಕಾಶ ಕಾಣದಷ್ಟು ಕಾಡು. "ಇದೇ ನಿಮ್ಮ ಜಾಗ" ಎಂದು ಹೇಳಿ ಲಾರಿ ಹೊರಟುಹೋಯಿತು. ಮೊದಲ ಮಳೆಗಾಲವನ್ನು ಸೋಗೆಯ ಗುಡಿಸಲಿನಲ್ಲಿ ಕಳೆದರು. ಅಪ್ಪಯ್ಯನ ತಂಗಿ, ನನ್ನ ಅತ್ತೆಯಾಗಬೇಕಿದ್ದ ಮಗು, ಆ ಮಳೆಗಾಲದ ಜ್ವರ ದಾಟಲಿಲ್ಲ.

ಆ ಕೊಳಗದ ಬಗ್ಗೆ ಒಂದು ಮಾತು ಹೇಳಬೇಕು. 1951ರಲ್ಲಿ ನಮ್ಮ ಸಾಗರ ಸೀಮೆಯ ಕಾಗೋಡಿನಲ್ಲಿ ಸತ್ಯಾಗ್ರಹ ನಡೆಯಿತಲ್ಲ, ಅದು ಹುಟ್ಟಿದ್ದೇ ಕೊಳಗದ ಜಗಳದಿಂದ. ಒಡೆಯರು ಗೇಣಿ ಅಳೆದುಕೊಳ್ಳುವಾಗ ದೊಡ್ಡ ಕೊಳಗ ತರುತ್ತಿದ್ದರು, ಗೇಣಿದಾರರು ಅದನ್ನು ಒಪ್ಪುವುದಿಲ್ಲ ಎಂದು ನಿಂತರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಈ ದೇಶದ ರೈತ ಹೋರಾಟಗಳ ಚರಿತ್ರೆಯಲ್ಲಿ ಕಾಗೋಡಿನ ಹೆಸರು ಇದೆ. ಅಜ್ಜ ಆ ಸೀಮೆಯ ಗೇಣಿದಾರ. ಉಳುವವನಿಗೆ ನೆಲ ಸಿಗುತ್ತದೆ ಎಂಬ ಮಾತನ್ನು ಕಿವಿಯಾರೆ ಕೇಳಿದ್ದವರು, ಅದನ್ನು ನಂಬಿದ್ದವರು.

ಮುಂದೆ ಏನಾಯಿತು ನೋಡಿ. ಇದನ್ನು ತಾವು ದಯವಿಟ್ಟು ನಿಧಾನವಾಗಿ ಓದಬೇಕು, ಏಕೆಂದರೆ ನಮ್ಮ ಕಷ್ಟವೆಲ್ಲ ಇಸವಿಗಳಲ್ಲಿದೆ.

1964ರಲ್ಲಿ ಅಜ್ಜ ಉಳುತ್ತಿದ್ದ ಗದ್ದೆ ಮುಳುಗಿತು. ಭೂಮಿಯ ಪರಿಹಾರ ಒಡೆಯರಿಗೆ ಹೋಯಿತು, ಗೇಣಿಯವನಿಗೆ ಮನೆಯ ಲೆಕ್ಕ, ಮರದ ಲೆಕ್ಕ ಅಂತ ಚೂರುಪಾರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯನಾದ. ಮುಳುಗದೆ ಉಳಿದ ಊರುಗಳಲ್ಲಿ ಅಜ್ಜನ ಓರಗೆಯವರು ಡಿಕ್ಲರೇಶನ್, ಅಂದರೆ ಉಳುತ್ತಿರುವವರು ನಾವೇ ಎಂಬ ಅರ್ಜಿ, ಕೊಟ್ಟು ಭೂಮಿಯ ಒಡೆಯರಾದರು. ಹತ್ತು ವರ್ಷದಿಂದ ನೀರಿನಡಿ ಇರುವ ಗದ್ದೆಗೆ ಯಾರು ಡಿಕ್ಲರೇಶನ್ ಕೊಡುತ್ತಾರೆ? 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅರಣ್ಯವೆಂದು ದಾಖಲಾದ ಜಾಗವನ್ನು ಬೇರೆ ಉಪಯೋಗಕ್ಕೆ ಕೊಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು ಎಂದಾಯಿತು. ಒಳ್ಳೆಯ ಕಾಯ್ದೆ. ಅದು ಬರುವ ಹೊತ್ತಿಗೆ ನಾವು ಆ ಜಾಗದಲ್ಲಿ ಹದಿನೆಂಟು ವರ್ಷ ಕಳೆದಿದ್ದೆವು, ತೋಟ ಫಲಕ್ಕೆ ಬಂದಿತ್ತು. ಆದರೆ 1959ರಿಂದ 1964ರೊಳಗೆ ನಮಗೆ ಭೂಮಿ ಬಿಟ್ಟುಕೊಟ್ಟವರು ಅರಣ್ಯದ ದಾಖಲೆಯಿಂದ ಅದನ್ನು ತೆಗೆದಿರಲಿಲ್ಲ. ಭೂಮಿ ಕೊಟ್ಟದ್ದು ಒಂದು ಇಲಾಖೆ, ಪುಸ್ತಕ ಇಟ್ಟುಕೊಂಡದ್ದು ಇನ್ನೊಂದು ಇಲಾಖೆ. ನಡುವಿನ ಒಂದು ಸಹಿ ಬಿದ್ದಿರಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಮತ್ತೆ ಆಸೆ ಹುಟ್ಟಿತು. ಅದರಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಲಾರಿ ನಮ್ಮನ್ನು ಇಲ್ಲಿ ಇಳಿಸಿದ್ದು 1962ರಲ್ಲಿ. ಮುಳುಗಡೆಯಿಂದ ಬಂದ ಯಾವ ಕುಟುಂಬವೂ ಬಂದ ಜಾಗದಲ್ಲಿ ಈ 75 ವರ್ಷ ತೋರಿಸಲಾರದು. ಮೊದಲಿನ ಊರಿನಲ್ಲಿ ನಾವು ಎಷ್ಟು ತಲೆಮಾರು ಇದ್ದೆವು ಎಂದು ಯಾರೂ ಕೇಳುವುದಿಲ್ಲ, ಅದು ನೀರು.

ಇಷ್ಟಾದ ಮೇಲೆ ರಾಜ್ಯ ಸರ್ಕಾರಗಳು, ಒಂದಲ್ಲ, ಹಲವು ಪಕ್ಷದ ಸರ್ಕಾರಗಳು, ಒಂಬತ್ತು ಸಾವಿರ ಎಕರೆಗೂ ಹೆಚ್ಚು ಜಾಗವನ್ನು ಡಿನೋಟಿಫೈ ಮಾಡುತ್ತ, ಅಂದರೆ ಅರಣ್ಯದ ಪಟ್ಟಿಯಿಂದ ತೆಗೆಯುತ್ತ, ಬಂದವು. ನಮ್ಮೂರಲ್ಲೂ ಪಟಾಕಿ ಹೊಡೆದರು. ಕೇಂದ್ರದ ಒಪ್ಪಿಗೆ ಪಡೆಯದೆ ಹೊರಡಿಸಿದ ಇಂಥ ಆದೇಶ ನಿಲ್ಲುವುದಿಲ್ಲ ಎಂದು ಹೈಕೋರ್ಟ್ 2021ರಲ್ಲಿ ಹೇಳಿತು, ಆಮೇಲೆ ಸರ್ಕಾರ ಅವನ್ನೆಲ್ಲ ವಾಪಸು ತೆಗೆದುಕೊಂಡಿತು. ನಾನು ನ್ಯಾಯಾಲಯವನ್ನು ದೂರುವುದಿಲ್ಲ. ಕೇಳಬೇಕಾದಲ್ಲಿ ಕೇಳದೆ ಮಾಡಿದ ಕೆಲಸ ಬಿದ್ದುಹೋಯಿತು, ಅಷ್ಟೇ. ಹಾಗೆ ಮಾಡಿದ್ದು ನಾವಲ್ಲ. ಬಿದ್ದದ್ದು ಮಾತ್ರ ನಮ್ಮ ಮೇಲೆ.

ಅದಾದ ಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಪ್ಪಯ್ಯ ಒಂದು ಕಚೇರಿಗೆ ಹೋಗಿದ್ದರು, ಜೊತೆಗೆ ನಾನೂ ಇದ್ದೆ. ಅಲ್ಲಿನವರು ಕೆಟ್ಟವರಲ್ಲ, ಕೂರಿಸಿ ಮಾತಾಡಿಸಿದರು. "ಯಜಮಾನ್ರೆ, ಇದು ಹೀಗೆ ಆಗಲ್ಲ. ಒತ್ತುವರಿ ಅಂತ ತೋರಿಸಿ ಬಗರ್‌ಹುಕುಂ ಅರ್ಜಿ ಹಾಕಿಬಿಡಿ, ಏನಾಗ್ತದೋ ನೋಡೋಣ" ಎಂದು ನಮೂನೆ ಮುಂದಿಟ್ಟರು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಓದಿ ಪೆನ್ನನ್ನು ವಾಪಸು ಇಟ್ಟರು. "ನಾನು ಒತ್ತುವರಿ ಮಾಡಿದ್ದಲ್ಲ. ಸರ್ಕಾರ ಲಾರಿಲಿ ತಂದು ಇಳಿಸಿದ್ದು. ಹಾಗಂತ ಬರ್ಕೊಳ್ಳಿ, ಈಗಲೇ ಸೈ ಹಾಕ್ತೀನಿ" ಎಂದರು. ಹಾಗೆ ಬರೆದುಕೊಳ್ಳುವ ನಮೂನೆ ಆ ಕಚೇರಿಯಲ್ಲಿ ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪಯ್ಯ ಒಂದು ಮಾತೂ ಆಡಲಿಲ್ಲ. ಅರ್ಜಿ ಹಾಕಿದ್ದರೂ ಅರಣ್ಯದ ಜಾಗವೆಂದು ಅದು ತಿರಸ್ಕೃತವಾಗುತ್ತಿತ್ತು ಎಂದು ನನಗೆ ಗೊತ್ತು. ಆದರೂ ಅವರು ಸಹಿ ಹಾಕದಿದ್ದುದೇ ಸರಿ ಎಂದು ನನ್ನ ಅಭಿಪ್ರಾಯ.

ಈ ಒಂದು ಹಾಳೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದು ಲೆಕ್ಕ ಬರೆಯುವ ನನಗೆ ದಿನವೂ ಕಾಣುತ್ತದೆ. ಪಹಣಿ ಇಲ್ಲದವನಿಗೆ ಬೆಳೆಸಾಲ ಇಲ್ಲ. ಬೆಳೆವಿಮೆ ಇಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಂದು ಹಿಡಿಹಿಡಿಯಾಗಿ ಅಡಕೆ ಉದುರಿದರೂ, ಎಲೆಚುಕ್ಕಿ ಬಂದು ಸೋಗೆ ಸುಟ್ಟಂತಾದರೂ ಪರಿಹಾರದ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಪಕ್ಕದ ಊರಿನವನಿಗೆ ಬಡ್ಡಿಯಿಲ್ಲದ ಸಾಲ ಸಿಗುವಾಗ ಇವನು ಹೆಂಡತಿಯ ಬಳೆ ಅಡ ಇಟ್ಟು ಗೊಬ್ಬರ ತರುತ್ತಾನೆ. ಅಡ ಇಟ್ಟ ಚೀಟಿಯನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ. ಅಣ್ಣತಮ್ಮಂದಿರು ಪಾಲಾದರೆ ಬಾಯಿಮಾತಲ್ಲಿ ಪಾಲು. ಹೆಣ್ಣುಮಕ್ಕಳಿಗೆ ಬಾಯಿಮಾತಲ್ಲೂ ಪಾಲಿಲ್ಲ. ಕಾನೂನು ಮಗಳಿಗೆ ಸಮಪಾಲು ಕೊಟ್ಟಿದೆ ಎನ್ನುತ್ತಾರೆ, ಆದರೆ ಖಾತೆಯೇ ಇಲ್ಲದ ಮನೆಯಲ್ಲಿ ಅವಳು ಯಾವುದರಲ್ಲಿ ಸಮಪಾಲು ಕೇಳಬೇಕು? ಕಾಡಿನ ನಡುವೆ ಇಳಿಸಲ್ಪಟ್ಟ ಊರುಗಳಲ್ಲಿ ಕೆಲವು ಆಮೇಲೆ ಶೆಟ್ಟಿಹಳ್ಳಿ ಅಭಯಾರಣ್ಯದ ಒಳಗೆ ಬಿದ್ದವು. ಅಲ್ಲಿ ಕರೆಂಟು ಕಂಬ ನೆಡಲೂ ಅನುಮತಿ ಸಿಗದೆ ದಶಕಗಟ್ಟಲೆ ಬುಡ್ಡಿದೀಪದಲ್ಲಿ ಓದಿದ ಮಕ್ಕಳಿದ್ದಾರೆ. ಯಾವ ಕರೆಂಟಿಗಾಗಿ ಅವರ ಅಜ್ಜಂದಿರು ಊರು ಬಿಟ್ಟರೋ ಅದೇ ಕರೆಂಟು. ಇದನ್ನು ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ಜನ ಹೇಳಿದ್ದಾರೆ, ಕೇಳಿ ಕೇಳಿ ಅದಕ್ಕೆ ಬಿಸಿ ಇಲ್ಲದಂತಾಗಿದೆ. ಆದರೆ ಆ ಮಕ್ಕಳ ಕಣ್ಣಿಗೆ ಹೊಗೆ ಹೋದದ್ದು ಸುಳ್ಳಲ್ಲ.

ಬೇಸಾಯ ಮಾಡುತ್ತಿದ್ದ ಜಾಗದಿಂದ ಎಬ್ಬಿಸುತ್ತಾರೆ ಎಂಬ ಹೆದರಿಕೆ ಇನ್ನೊಂದು. ನೋಟಿಸು ಬಂದಾಗ ಹಳ್ಳಿಯಲ್ಲಿ ಒಲೆ ಹಚ್ಚುವುದಿಲ್ಲ, ಸಾವಿನ ಮನೆಯ ಹಾಗಿರುತ್ತದೆ. ಭೂಕಬಳಿಕೆ ಕಾಯ್ದೆಯಡಿ ನಮ್ಮ ಜಿಲ್ಲೆಯ ಸಣ್ಣ ರೈತರು ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಅಲೆದ ಕಾಲವೂ ಇತ್ತು. ಒಂದು ಎಕರೆಯ ರೈತ ರಾತ್ರಿ ಬಸ್ಸು ಹತ್ತಿ ಹೋಗಿ ಭೂಗಳ್ಳರ ಸಾಲಿನಲ್ಲಿ ನಿಂತು ಬರುವುದು.

ಮಾನ್ಯರೇ, ನೀರು ಬಹಳ ಇಳಿದಿದ್ದ ಒಂದು ಬೇಸಿಗೆಯಲ್ಲಿ ಅಪ್ಪಯ್ಯ ನನ್ನನ್ನು ಹಳೆಯ ಊರಿಗೆ ಕರೆದುಕೊಂಡು ಹೋಗಿದ್ದರು. ಹಿನ್ನೀರಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅರವತ್ತು ವರ್ಷ ನೀರಲ್ಲಿದ್ದ ಮರದ ಬೊಡ್ಡೆಗಳು ಕಪ್ಪಗೆ ಹಾಗೇ ನಿಂತಿದ್ದವು. ನನಗೆ ಎಲ್ಲ ಒಂದೇ ಥರ ಕಂಡಿತು. ಅಪ್ಪಯ್ಯ ಮಾತ್ರ ಬೀದಿಯಲ್ಲಿ ನಡೆಯುವ ಹಾಗೆ ನಡೆದರು, ಇಲ್ಲಿ ತಿರುವು, ಇಲ್ಲಿ ದಣಪೆ, ಇಲ್ಲಿ ಬಾವಿ. ಬಾವಿಯ ಕಲ್ಲಿನ ಕಟ್ಟೆ ಇತ್ತು. ಅಲ್ಲಿಂದ ಕೆಳಗಿಳಿದು ಒಂದು ಕಡೆ ಕೂತು ಕೈಯಿಂದ ಕೆಸರು ಕೆದರಿದರು. ಮೊಳದುದ್ದದ ಕಲ್ಲು ಬಂತು. ಬಾಂದುಕಲ್ಲು. ಅಜ್ಜ ಉಳುತ್ತಿದ್ದ ಗದ್ದೆಯ ಮೂಲೆಯ ಕಲ್ಲು. ಅದನ್ನು ಸವರಿಕೊಂಡು ಅಪ್ಪಯ್ಯ ಬಹಳ ಹೊತ್ತು ಕೂತಿದ್ದರು. ನೀರಿನಡಿಯ ಆ ಗದ್ದೆಗೆ ಸರ್ವೆ ನಂಬರ್ ಇದೆ, ನಕ್ಷೆ ಇದೆ, ನಾಲ್ಕು ಮೂಲೆಗೆ ಕಲ್ಲುಗಳಿವೆ. ನಾವು ಮನೆ ಕಟ್ಟಿ, ಮಕ್ಕಳನ್ನು ಹೆತ್ತು, ಸತ್ತವರನ್ನು ಸುಟ್ಟ ಈ ನೆಲಕ್ಕೆ ನಮ್ಮದೆಂದು ಹೇಳುವ ಒಂದು ಕಲ್ಲೂ ಇಲ್ಲ.

ಊರು ಬಿಟ್ಟು ಬಂದವರದು ಹೀಗಾದರೆ ಅಲ್ಲೇ ಗುಡ್ಡದ ಮೇಲೆ ಉಳಿದವರದು ಇನ್ನೊಂದು ಬಗೆ. ತುಮರಿ, ಬ್ಯಾಕೋಡು, ಸಿಗಂದೂರು ಕಡೆಯವರಿಗೆ ಸಾಗರ ಎದುರಿಗೇ ಇದ್ದರೂ ನಡುವೆ ನೀರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಲಾಂಚೇ ಹತ್ತಿರದ ದಾರಿಯಾಗಿತ್ತು. ಸಂಜೆ ಲಾಂಚ್ ನಿಂತರೆ ಹೊರಜಗತ್ತು ಮುಚ್ಚಿದಂತಾಗುತ್ತಿತ್ತು. ಹೆರಿಗೆ ನೋವು, ಹಾವು ಕಚ್ಚಿದ್ದು, ಎದೆನೋವು, ಯಾವುದೂ ಲಾಂಚಿನ ಹೊತ್ತು ನೋಡಿಕೊಂಡು ಬರುವುದಿಲ್ಲ. ನೀರು ತೀರಾ ಇಳಿದ ವರ್ಷ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. 2025ರ ಜುಲೈ 14ರಂದು ಅಲ್ಲಿ 2.44 ಕಿಲೋಮೀಟರಿನ ಕೇಬಲ್ ಸೇತುವೆ ಉದ್ಘಾಟನೆಯಾಯಿತು. ನಮ್ಮ ಸೋದರತ್ತೆಯ ಮನೆ ಆ ದಡದಲ್ಲಿದೆ. ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಅಪ್ಪಯ್ಯ ಕಿಟಕಿಯಿಂದ ಕೆಳಗೆ ನೋಡುತ್ತ ಕೈಮುಗಿದರು. ಕಟ್ಟಿಸಿದವರಿಗೆಲ್ಲ, ಪಕ್ಷ ನೋಡದೆ, ನಮ್ಮ ಮನೆಯವರ ಕೃತಜ್ಞತೆ ಇದೆ. ಆದರೆ ಅಣೆಕಟ್ಟು ಕಟ್ಟುವಾಗಲೇ ಕೊಡಬೇಕಾಗಿದ್ದ ದಾರಿ ಅದು. ಅರವತ್ತೊಂದು ವರ್ಷ ಬೇಕಾಯಿತು. ಮತ್ತು ಸೇತುವೆ ಬಂದ ಮೇಲೆ ಅಲ್ಲಿಯ ಜಾಗದ ಬೆಲೆ ಏರುತ್ತಿದೆ, ಹೊರಗಿನವರು ಬರುತ್ತಿದ್ದಾರೆ. ಕೈಯಲ್ಲಿ ಕಾಗದ ಇದ್ದವನಿಗೆ ಅದು ಅನುಕೂಲ. ಇಲ್ಲದವನು ತನ್ನ ಅಂಗಳದಲ್ಲೇ ಪರಕೀಯ.

ನದಿಯ ಮಾತನ್ನೂ ಆಡಬೇಕು, ಏಕೆಂದರೆ ಮುಳುಗಡೆಯವರೆಂದರೆ ಕಾಡಿಗೆ ಶತ್ರುಗಳು ಎನ್ನುವ ಹಾಗೆ ಕೆಲವರು ಮಾತಾಡುತ್ತಾರೆ. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳುವುದು ಈಗ ಮಳೆಗಾಲದಲ್ಲಿ, ಅದೂ ಒಳ್ಳೆಯ ಮಳೆ ಬಂದರೆ. ಉಳಿದ ತಿಂಗಳು ಬಂಡೆ. ನೀರು ಕೊಳವೆಯಲ್ಲಿ ಹೋಗುತ್ತದೆ. ಕೆಳಗೆ ಹೊನ್ನಾವರದ ಅಳಿವೆಯಲ್ಲಿ ಆದದ್ದು ಮೇಲಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಮೊದಲು ಬೇಸಿಗೆಯಲ್ಲಿ ನದಿ ಸಣ್ಣದಾಗಿ ಸಮುದ್ರದ ಉಪ್ಪುನೀರು ಒಳಕ್ಕೆ ಬರುತ್ತಿತ್ತು, ಆ ಹದವಾದ ಉಪ್ಪಿನಲ್ಲಿ ಬಳಚು ಎಂಬ ಚಿಪ್ಪುಜೀವಿ ಬೆಳೆಯುತ್ತಿತ್ತು, ಕಡಲಿನ ಮೀನು ಮೊಟ್ಟೆಯಿಡಲು ಬರುತ್ತಿತ್ತು. ಈಗ ಯಂತ್ರ ತಿರುಗಿಸಿ ಬಿಟ್ಟ ಸಿಹಿನೀರು ವರ್ಷವಿಡೀ ಹರಿಯುತ್ತದೆ, ಅಳಿವೆಯ ಉಪ್ಪು ಇಳಿದುಹೋಗಿದೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಹೆಂಗಸರು ಈಗಲೂ ಇಳಿತದ ಹೊತ್ತು ಬುಟ್ಟಿ ಹಿಡಿದು ಹೋಗಿ ಬಳಚು ಆಯ್ದು ಸಂಸಾರ ನಡೆಸುತ್ತಾರೆ. ಶರಾವತಿಯ ದಡದ ಹೆಂಗಸರಿಗೆ ಆ ದುಡಿಮೆ ಹೋಯಿತು. ಅವರ ಮನೆ ಮುಳುಗಲಿಲ್ಲ, ಆದ್ದರಿಂದ ಅವರನ್ನು ಯಾರೂ ಸಂತ್ರಸ್ತರೆಂದು ಕರೆಯಲಿಲ್ಲ, ಪರಿಹಾರದ ಯಾವ ಪಟ್ಟಿಯಲ್ಲೂ ಬರೆಯಲಿಲ್ಲ.

ಈಗ ಅದೇ ಕಣಿವೆಯಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಎಂಬ 2000 ಮೆಗಾವ್ಯಾಟ್ ಯೋಜನೆ ಬಂದಿದೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಪಂಪ್ ಮಾಡಿ ಎತ್ತುವುದು, ಬೇಡಿಕೆ ಹೆಚ್ಚಿದ ಹೊತ್ತಿಗೆ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಎತ್ತಲು ಖರ್ಚಾಗುವ ಕರೆಂಟು ಇಳಿಸಿದಾಗ ಸಿಗುವ ಕರೆಂಟಿಗಿಂತ ಹೆಚ್ಚು. ಬಿಸಿಲಿನ ವಿದ್ಯುತ್ತು ಹಗಲು ಮಿಕ್ಕುತ್ತದೆ, ಸಂಜೆ ಸಾಲುವುದಿಲ್ಲ, ಅದಕ್ಕೆ ಇದು ಬೇಕು ಎಂದು ತಿಳಿದವರು ಹೇಳುತ್ತಾರೆ. ಆ ತರ್ಕ ನನಗೂ ಅರ್ಥವಾಗುತ್ತದೆ. ಆದರೆ ಸುರಂಗ ಕೊರೆಯುವುದು, ರಸ್ತೆ ಮಾಡುವುದು, ಮರ ಕಡಿಯುವುದು ಎಲ್ಲಿ? ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. 2019ರಲ್ಲಿ ಸರ್ಕಾರವೇ ವಿಸ್ತರಿಸಿ 930 ಚದರ ಕಿಲೋಮೀಟರ್ ಎಂದು ಘೋಷಿಸಿದ ಕಾಡು ಅದು. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕಿಳಿಯಲು ಅಂಜುತ್ತದೆ. ನೆತ್ತಿಯ ಹಸಿರು ಒಂದು ಕಡೆ ಹರಿದರೆ ಅದಕ್ಕೆ ಆಚೆ ದಡವೇ ಇಲ್ಲ. ಲಾಂಚ್ ನಿಂತ ಹೊತ್ತಿನ ತುಮರಿಯವರ ಹಾಗೆ.

2025ರ ಸೆಪ್ಟೆಂಬರಿನಲ್ಲಿ ಈ ಯೋಜನೆಯ ಅಹವಾಲು ಸಭೆಗಳಲ್ಲಿ ಜನ ಎದ್ದು ನಿಂತು ಬೇಡವೆಂದರು. ನಾನೂ ಬೇಡವೆನ್ನುವವರ ಕಡೆ. ಆದರೆ ಈ ಪತ್ರದಲ್ಲಿ ನನ್ನ ಪ್ರಶ್ನೆ ಬೇರೆ. ಈ ಯೋಜನೆಗೆ ಅರಣ್ಯದ ಜಾಗ ಬೇಕು. ಅದಕ್ಕೆ 1980ರ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ಆ ಒಪ್ಪಿಗೆಗಾಗಿ ರಾಜ್ಯದ ಅಧಿಕಾರಿಗಳು ನಕ್ಷೆ ಮಾಡಿದರು, ಮರ ಎಣಿಸಿದರು, ವರದಿ ಬರೆದರು, ದೆಹಲಿಗೆ ಓಡಾಡಿದರು. 2025ರ ಜೂನ್ ಹೊತ್ತಿಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯಿಂದ ತಾತ್ವಿಕ ಒಪ್ಪಿಗೆಯನ್ನೂ ತಂದರು. ನಮ್ಮ ಭೂಮಿಗೂ ಬೇಕಾಗಿರುವುದು ಅದೇ ಕಾಯ್ದೆಯಡಿಯ ಒಪ್ಪಿಗೆ, ಅದೇ ಸಚಿವಾಲಯದ್ದು. ಹೊಸ ಕಾಡು ಕಡಿಯಲು ಒಪ್ಪಿಗೆ ಕೇಳುವಾಗ ಇರುವ ಈ ಚುರುಕು, 1962ರಲ್ಲೇ ಕಡಿದು ತೋಟವಾದ ಜಾಗಕ್ಕೆ ಒಪ್ಪಿಗೆ ಕೇಳುವಾಗ ಯಾಕಿಲ್ಲ? ನಮ್ಮ ತೋಟಗಳಿಗೆ ಹಕ್ಕುಪತ್ರ ಕೊಟ್ಟರೆ ಒಂದು ಮರವೂ ಹೊಸದಾಗಿ ಬೀಳುವುದಿಲ್ಲ.

ನಾನು ಕೇಳುವುದು ಇಷ್ಟು. ದಾಖಲೆ ತನ್ನಿ ಎಂದು ನಮ್ಮನ್ನು ಕೇಳುವುದನ್ನು ನಿಲ್ಲಿಸಿ. ಯಾವ ಊರಿನಿಂದ ಯಾರನ್ನು ಎಬ್ಬಿಸಿದಿರಿ, ಯಾವ ಲಾರಿಯಲ್ಲಿ ಎಲ್ಲಿ ಇಳಿಸಿದಿರಿ, ಎಷ್ಟು ಎಕರೆ ಬಿಟ್ಟಿರಿ ಎಂಬ ಕಾಗದ ಸರ್ಕಾರದ್ದು. ಅದನ್ನು ಹಳೆಯ ಕಪಾಟುಗಳಿಂದ ಸರ್ಕಾರವೇ ತೆಗೆಯಲಿ. ಆ ಪಟ್ಟಿಯನ್ನು ಊರುವಾರು ಗ್ರಾಮ ಪಂಚಾಯತಿಯ ಗೋಡೆಗೆ ಅಂಟಿಸಲಿ, ತಪ್ಪಿದ್ದರೆ ಜನ ತಿದ್ದುತ್ತಾರೆ, ನಕಲಿ ಹೆಸರು ಸೇರಿದ್ದರೆ ನಾವೇ ಹೇಳುತ್ತೇವೆ. ಮುಳುಗಡೆಯ ಹೆಸರಿನಲ್ಲಿ ಆಮೇಲೆ ಕಾಡು ಕಡಿದವರೂ ಇದ್ದಾರೆ, ಅವರನ್ನು ನಮ್ಮ ಜೊತೆ ಸೇರಿಸಿ ನಮ್ಮನ್ನೂ ಕಳ್ಳರಾಗಿಸಬೇಡಿ. ಕಂದಾಯ ಮತ್ತು ಅರಣ್ಯ ಇಲಾಖೆಯವರು ಬೇರೆ ಬೇರೆ ದಿನ ಬಂದು ಬೇರೆ ಬೇರೆ ಸರಪಳಿ ಎಳೆಯುವುದು ಬೇಡ, ಒಂದೇ ದಿನ ಒಟ್ಟಿಗೆ ಬರಲಿ, ಅಳೆಯಲಿ, ಕಲ್ಲು ಹಾಕಲಿ. ಆ ನಕ್ಷೆಯನ್ನು ಇಟ್ಟುಕೊಂಡು ಕೇಂದ್ರದ ಮುಂದೆ, ಅಗತ್ಯವಿದ್ದರೆ ಸುಪ್ರೀಂ ಕೋರ್ಟಿನ ಮುಂದೆ, ರಾಜ್ಯ ಸರ್ಕಾರ ನಮ್ಮ ವಕೀಲನಾಗಿ ನಿಲ್ಲಲಿ. ಇದು ದಾನವಲ್ಲ, 1980ಕ್ಕೂ ಹದಿನೈದಿಪ್ಪತ್ತು ವರ್ಷ ಮೊದಲೇ ಸರ್ಕಾರ ಕೊಟ್ಟುಬಿಟ್ಟಿದ್ದ ಭೂಮಿ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಲಿ. ಅಳಿವೆಯ ಬಳಚಿನ ಹೆಂಗಸರ ನಷ್ಟವನ್ನೂ ಯಾರಾದರೂ ಒಮ್ಮೆ ಲೆಕ್ಕ ಹಾಕಲಿ. ಇಷ್ಟು ಆಗುವ ತನಕ ಶರಾವತಿಯಲ್ಲಿ ಹೊಸ ಸುರಂಗಕ್ಕೆ ಗುದ್ದಲಿ ಪೂಜೆ ಮಾಡಬೇಡಿ.

ಸಾಕ್ಷಿಗಳ ಕುರಿತು ಒಂದು ಮಾತು. ಲಾರಿಯಲ್ಲಿ ಬಂದದ್ದು ನೆನಪಿರುವವರು ನಮ್ಮ ಊರಿನಲ್ಲಿ ಈಗ ಆರು ಜನ ಉಳಿದಿದ್ದಾರೆ. ಹೋದ ವರ್ಷ ಒಂಬತ್ತು ಜನ ಇದ್ದರು. ಅಪ್ಪಯ್ಯ ಅವರಲ್ಲಿ ಚಿಕ್ಕವರು. ಅಜ್ಜನಿಗೆ ಕೊಟ್ಟಿದ್ದ ಸಾಗುವಳಿ ಚೀಟಿ ಮನೆಯ ತಗಡಿನ ಟ್ರಂಕಿನಲ್ಲಿದೆ. ಮಡಿಸಿದ ಗೆರೆಗಳಲ್ಲಿ ಹರಿದಿದೆ, ಸಹಿ ಮಾಸಿದೆ, ನಾಲ್ಕು ಎಕರೆ ಎನ್ನುವುದು ಮಾತ್ರ ಚೆನ್ನಾಗಿ ಓದಲು ಬರುತ್ತದೆ. ಅದರ ಪಕ್ಕದಲ್ಲೇ ಅಜ್ಜಿಯ ಕೊಳಗವೂ ಇದೆ.

ತಮ್ಮ ಸರ್ವೆಯವರನ್ನು ಮಳೆ ಹಿಡಿಯುವ ಮೊದಲು ಕಳಿಸಿ. ಮಳೆ ಬಂದರೆ ನಮ್ಮ ಹಳ್ಳ ದಾಟಲು ಆಗುವುದಿಲ್ಲ. ಕಲ್ಲು ಹಾಕಲು ಮೂಲೆಗಳನ್ನು ಅಪ್ಪಯ್ಯ ತೋರಿಸುತ್ತಾರೆ, ನಾಲ್ಕೂ ಮೂಲೆ ಅವರಿಗೆ ಗೊತ್ತು.

ಇಂತಿ,
ಶರಾವತಿ ಮುಳುಗಡೆ ಕುಟುಂಬದ ಒಬ್ಬ ಮೊಮ್ಮಗಳು,
ಶಿವಮೊಗ್ಗ ಜಿಲ್ಲೆ